ನಿಮಗಿದು ಗೊತ್ತೇ? ಜಾತ್ರೆಯ ಸ್ಪೀಕರ್ ಸುಡುವುದು ಯಾಕೆ?

ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆ, ಕೃಷ್ಣಾಷ್ಟಮಿ ಹೊತ್ತಿಗೆ ಸುರಪುರದ ವೇಣುಗೋಪಾಲಸ್ವಾಮಿ ಜಾತ್ರೆ. ಅವುಗಳ ಆಚೀಚೆ ತಿಂಥಣಿ ಮೌನೇಶ್ವರ, ಶಹಾಪುರದ ಚರಬಸವೇಶ್ವರ, ಮೊಹರಂ, ಗಣಪತಿ, ಮದುವೆ, ದೊಡ್ಡಾಟ. ಯಾದಗಿರಿ, ಶಹಾಪುರ, ಸುರಪುರದ ಕಡೆ ಮೈಕ್ ಸೆಟ್ಟಿಗೆ ಬಿಡುವು ಕಡಿಮೆ. ಸೀಸನ್ ಮುಗಿಯುವಷ್ಟರಲ್ಲಿ ರಿಪೇರಿಯವರ ಮೇಜಿನ ಮೇಲೆ ಕಪ್ಪಾದ ಕಾಯಿಲ್‌ಗಳು, ಹರಿದ ಡಯಾಫ್ರಮ್‌ಗಳು ಬಂದು ಬೀಳುತ್ತವೆ. ಇವುಗಳಲ್ಲಿ ಬಹುಪಾಲನ್ನು ಉಳಿಸಬಹುದಿತ್ತು. ಸಾಲ ಮಾಡಿ ಸೆಟ್ ಕೊಂಡ ಹುಡುಗನಿಗೆ ಒಂದು ಬಾಸ್ ಸ್ಪೀಕರ್ ಹೋದರೆ ನಾಲ್ಕು ಮದುವೆಯ ದುಡಿಮೆ ಹೋದಂತೆ. ಅದಕ್ಕೇ ಈ ಸಲದ ಅಂಕಣ ಅವರಿಗಾಗಿ.

● ಬಾಕ್ಸಿನ ಸ್ಪೀಕರ್‌ಗೆ 100 ವ್ಯಾಟ್ ಕೊಟ್ಟರೆ ಸದ್ದಾಗಿ ಹೊರಗೆ ಬರುವುದು ಸುಮಾರು ಒಂದೆರಡು ವ್ಯಾಟ್ ಮಾತ್ರ. ಉಳಿದದ್ದೆಲ್ಲ ಕಾಯಿಲ್‌ನಲ್ಲಿ ಶಾಖವಾಗುತ್ತದೆ. ರಿಪೇರಿ ಅಂಗಡಿಯ ಸೋಲ್ಡರಿಂಗ್ ಐರನ್ 25 ವ್ಯಾಟಿನದು, ಅಷ್ಟಕ್ಕೇ ಸೀಸ ಕರಗುತ್ತದೆ. ಅದರ ನಾಲ್ಕು ಪಟ್ಟು ಶಾಖ ಸ್ಪೀಕರ್ ಒಳಗಿನ ತೆಳು ತಂತಿಯಲ್ಲಿ ಹುಟ್ಟುತ್ತಿರುತ್ತದೆ. ಮೊದಲು ಸೋಲುವುದು ತಂತಿಯಲ್ಲ, ಅದನ್ನು ಹಿಡಿದಿರುವ ಅಂಟು.

● ತಾಮ್ರ ಬಿಸಿಯಾದಂತೆ ಅದರ ರೋಧ ಏರುತ್ತದೆ, ಪ್ರತಿ ಡಿಗ್ರಿಗೆ ಸುಮಾರು ಶೇ 0.39ರಷ್ಟು. ಕಾಯಿಲ್ 200 ಡಿಗ್ರಿ ಏರಿತೆಂದರೆ 6 ಓಮ್ ಇದ್ದದ್ದು 10.7 ಓಮ್ ಆಗುತ್ತದೆ. ಆಗ ಅದೇ ವೋಲ್ಟೇಜಿಗೆ ಸ್ಪೀಕರ್ ಎಳೆದುಕೊಳ್ಳುವ ವಿದ್ಯುತ್ತು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಮೆರವಣಿಗೆ ಶುರುವಾಗಿ ಒಂದು ಗಂಟೆಯಾದ ಮೇಲೆ ‘ಸೌಂಡ್ ಕಮ್ಮಿ ಆತು, ಏರ್ಸೋ ತಮ್ಮಾ’ ಎಂದು ಜನ ಕೂಗುತ್ತಾರಲ್ಲ, ಅದು ಭ್ರಮೆಯಲ್ಲ. ಸೌಂಡ್ ನಿಜವಾಗಿಯೂ ಇಳಿದಿರುತ್ತದೆ. ಆ ಹೊತ್ತಿನಲ್ಲಿ ಏರಿಸಿದರೆ ಕಾಯಿಲ್ ಇನ್ನೂ ಕಾಯುತ್ತದೆ, ಸೌಂಡ್ ಮತ್ತೆ ಇಳಿಯುತ್ತದೆ. ಸ್ಪೀಕರ್ ಸುಡುವ ಮುನ್ನ ಕೊಡುವ ಎಚ್ಚರಿಕೆ ಇದು. ಹತ್ತು ನಿಮಿಷ ಹಾಡು ನಿಲ್ಲಿಸಿ, ಇಲ್ಲವೇ ವಾಲ್ಯೂಮ್ ಅರ್ಧಕ್ಕೆ ಇಳಿಸಿ.

● ದೊಡ್ಡ ಆಂಪ್ಲಿಫೈಯರ್ ಹಾಕಿದರೆ ಸ್ಪೀಕರ್ ಹೋಗುತ್ತದೆ, ಸಣ್ಣದು ಹಾಕಿದರೆ ಭಯವಿಲ್ಲ ಎಂದು ನಂಬಿದವರು ಬಹಳ ಜನ. ನಂಬಿಕೆಯಲ್ಲಿ ಅರ್ಧ ಮಾತ್ರ ನಿಜ. 100 ವ್ಯಾಟಿನ ಆಂಪ್ಲಿಫೈಯರ್ ತನ್ನ ಮಿತಿಯೊಳಗೆ ಶುದ್ಧ ಅಲೆ ಕೊಡುತ್ತದೆ. ಮಿತಿ ದಾಟಿಸಿ ತಿರುವಿದರೆ ಅಲೆಯ ತಲೆ, ಬುಡ ಎರಡೂ ಕತ್ತರಿಸಿ ಚಪ್ಪಟೆಯಾಗುತ್ತವೆ. ಇದಕ್ಕೆ ಕ್ಲಿಪ್ಪಿಂಗ್ ಎನ್ನುತ್ತಾರೆ, ಕಿವಿಗೆ ದನಿ ಒಡೆದಂತೆ ಕೇಳುತ್ತದೆ. ಪೂರ್ತಿ ಚಪ್ಪಟೆಯಾದ ಚೌಕ ಅಲೆಯಲ್ಲಿ ಅದೇ ಎತ್ತರದ ಶುದ್ಧ ಅಲೆಗಿಂತ ಸರಿಯಾಗಿ ಎರಡು ಪಟ್ಟು ಶಕ್ತಿ ಇರುತ್ತದೆ. ಅಂದರೆ 100 ವ್ಯಾಟಿನ ಮಷಿನ್ 200 ವ್ಯಾಟಿನ ಹತ್ತಿರ ಹೋಗಬಲ್ಲದು. 120 ವ್ಯಾಟ್ ತಡೆಯುವ ಸ್ಪೀಕರ್ ‘ಸಣ್ಣ’ ಮಷಿನ್‌ನಿಂದಲೇ ಸುಡುವುದು ಹೀಗೆ.

● ಒಳ್ಳೆಯ ಹಾಡಿನಲ್ಲಿ ಡೋಲಿನ ಪೆಟ್ಟು ಒಂದು ಕ್ಷಣ ಮೇಲೇರಿ ಇಳಿಯುತ್ತದೆ. ಆ ಪೆಟ್ಟಿಗೂ ಸರಾಸರಿ ಮಟ್ಟಕ್ಕೂ 10ರಿಂದ 20 ಡೆಸಿಬೆಲ್ ಅಂತರ ಇರುತ್ತದೆ. ಸ್ಪೀಕರ್ ತಣಿಯುವುದು ಆ ಅಂತರದಲ್ಲೇ. ಕ್ಲಿಪ್ ಮಾಡಿದರೆ ಆ ಅಂತರವೇ ಕರಗಿಹೋಗುತ್ತದೆ.

● ಹಾಗಾದರೆ ಎಷ್ಟು ವ್ಯಾಟಿನ ಸ್ಪೀಕರ್‌ಗೆ ಎಷ್ಟು ವ್ಯಾಟಿನ ಮಷಿನ್? ಬಾಕ್ಸಿನ ಹಿಂದೆ ಮೂರು ಅಂಕಿ ಇರುತ್ತವೆ. ಉದಾಹರಣೆಗೆ 350, 700, 1400. ಮೊದಲನೆಯದು ಗಂಟೆಗಟ್ಟಲೆ ತಡೆಯುವ ನಿರಂತರ ಶಕ್ತಿ, ಅದನ್ನು ನಮ್ಮವರು ಆರ್‌ಎಂಎಸ್ ಎನ್ನುತ್ತಾರೆ. ಎರಡನೆಯದು ಪ್ರೋಗ್ರಾಂ, ಅಂದರೆ ಮೊದಲನೆಯದರ ದುಪ್ಪಟ್ಟು. ಮೂರನೆಯದು ಪೀಕ್, ನಾಲ್ಕು ಪಟ್ಟು. ಕೊನೆಯ ಎರಡನ್ನು ಸಾಮಾನ್ಯವಾಗಿ ಯಾರೂ ಬೇರೆಯಾಗಿ ಅಳೆದಿರುವುದಿಲ್ಲ, ಮೊದಲನೆಯದನ್ನು ಗುಣಿಸಿ ಬರೆದಿರುತ್ತಾರೆ. ಕೈ ಪಳಗಿದ, ಕ್ಲಿಪ್ಪಿಂಗ್ ತೋರಿಸುವ ಕೆಂಪು ದೀಪ ಹತ್ತಲು ಬಿಡದ ಆಪರೇಟರ್ ಆದರೆ ಈ ಬಾಕ್ಸಿಗೆ 500ರಿಂದ 700 ವ್ಯಾಟಿನ ಆಂಪ್ಲಿಫೈಯರ್ ಒಳ್ಳೆಯದು, ಡೋಲಿನ ಪೆಟ್ಟು ಒಡೆಯದೆ ಹೊರಗೆ ಬರುತ್ತದೆ. ಜನ ಕೂಗಿದಾಗೆಲ್ಲ ನಾಬ್ ತಿರುವುವ ಕೈಯಾದರೆ 350ಕ್ಕಿಂತ ಮೇಲೆ ಬೇಡ, ಅದನ್ನೂ ದನಿ ಒಡೆಯುವವರೆಗೆ ತಿರುವಿದರೆ ಬಾಕ್ಸ್ ಸುಡಬಹುದು. ಬಾಡಿಗೆಗೆ ಕೊಡುವ ಸೆಟ್ಟಿಗೂ ಇದೇ ಲೆಕ್ಕ. ಹೋಲಿಸುವಾಗ ಎರಡೂ ಅಂಕಿ ಒಂದೇ ಓಮ್‌ನಲ್ಲಿ ಇರಬೇಕು. 4 ಓಮ್‌ಗೆ 700 ಎಂದು ಬರೆದ ಮಷಿನ್ 8 ಓಮ್ ಬಾಕ್ಸಿಗೆ ಅಷ್ಟು ಕೊಡುವುದಿಲ್ಲ, ಅರ್ಧದಿಂದ ಮುಕ್ಕಾಲಿನೊಳಗೆ ಕೊಡುತ್ತದೆ.

● ಪಿಎಂಪಿಒ ಎಂಬ ಅಂಕಿಯನ್ನು ಓದಲೇಬೇಡಿ. ಅದನ್ನು ಅಳೆಯಲು ಒಪ್ಪಿತವಾದ ಯಾವ ಮಾನದಂಡವೂ ಇಲ್ಲ.

● ಪ್ರಚಾರದ ಆಟೋ, ಟಂಟಂಗಳಿಗೆ ಕಟ್ಟುವ 12 ವೋಲ್ಟಿನ ಆಂಪ್ಲಿಫೈಯರ್ ಮೇಲೆ ‘50 ವ್ಯಾಟ್, ನಾಲ್ಕು ಚಾನೆಲ್’ ಎಂದಿರುತ್ತದೆ. ಲೆಕ್ಕ ಹಾಕಿ ನೋಡಿ. ಎಂಜಿನ್ ಓಡುವಾಗ ಬ್ಯಾಟರಿ 14.4 ವೋಲ್ಟ್, ಸ್ಪೀಕರ್ 4 ಓಮ್. ವೋಲ್ಟೇಜ್ ಹೆಚ್ಚಿಸುವ ಸರ್ಕೀಟ್ ಒಳಗಿಲ್ಲದಿದ್ದರೆ ಶುದ್ಧ ಅಲೆಯಲ್ಲಿ ಹೆಚ್ಚೆಂದರೆ 26 ವ್ಯಾಟ್ ಸಿಗುತ್ತದೆ. 50 ಬರುವುದು ಅಲೆ ಪೂರ್ತಿ ಚೌಕವಾದಾಗ ಮಾತ್ರ. ಅಂದರೆ ಡಬ್ಬದ ಮೇಲೆ ಬರೆದದ್ದು ಒಡೆದ ದನಿಯ ವ್ಯಾಟ್. ರೇಡಿಯೊ ರಿಪೇರಿ ಕಲಿತ ಹುಡುಗರೆಲ್ಲ ಜೋಡಿಸಿರುವ 4440 ಬೋರ್ಡಿನ ಐಸಿಯೂ ಹಾಗೆಯೇ, ಬ್ರಿಡ್ಜ್ ಮಾಡಿದರೂ ಸುಮಾರು 19 ವ್ಯಾಟ್.

● ವ್ಯಾಟ್ ಎರಡು ಪಟ್ಟಾದರೆ ಸದ್ದು ಎರಡು ಪಟ್ಟಾಗುವುದಿಲ್ಲ. 3 ಡೆಸಿಬೆಲ್ ಏರುತ್ತದೆ, ಕಿವಿಗೆ ಅದು ಸಣ್ಣ ವ್ಯತ್ಯಾಸ. ಸದ್ದು ಕಿವಿಗೆ ಎರಡು ಪಟ್ಟು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅದಕ್ಕೆ ಹತ್ತು ಪಟ್ಟು ವ್ಯಾಟ್ ಬೇಕು. 500 ವ್ಯಾಟಿನ ಮಷಿನ್ ಮಾರಿ ಸಾವಿರದ್ದು ಕೊಂಡವರಿಗೆ ‘ಅಷ್ಟೇನೂ ಫರಕು ಕಾಣ್ವಲ್ದು’ ಅನ್ನಿಸುವುದು ಇದಕ್ಕೇ. ಅದರ ಬದಲು ಅದೇ ಒಂದು ವ್ಯಾಟಿಗೆ 3 ಡೆಸಿಬೆಲ್ ಹೆಚ್ಚು ಸದ್ದು ಕೊಡುವ ಸ್ಪೀಕರ್ ಕೊಂಡಿದ್ದರೆ ಹಳೆಯ ಮಷಿನ್ ಸಾಕಾಗುತ್ತಿತ್ತು. ಕೊಳ್ಳುವಾಗ ವ್ಯಾಟ್ ಕೇಳುವ ಮುನ್ನ ‘ಒಂದು ವ್ಯಾಟ್, ಒಂದು ಮೀಟರಿಗೆ ಎಷ್ಟು ಡೆಸಿಬೆಲ್’ ಎಂದು ಕೇಳಿ.

● ಹಾರ್ನ್ ಎಷ್ಟು ಸಮರ್ಥ ಎಂದರೆ, ಒಂದು ವ್ಯಾಟಿಗೆ ಒಂದು ಮೀಟರಿನಲ್ಲಿ 105 ಡೆಸಿಬೆಲ್ ಕೊಡುವ ಹಾರ್ನ್ ಸಾಮಾನ್ಯ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ 6 ಡೆಸಿಬೆಲ್ ಕಡಿಮೆಯಾಗುತ್ತದೆ. 32 ಮೀಟರ್ ದೂರಕ್ಕೆ 75 ಡೆಸಿಬೆಲ್ ಉಳಿಯುತ್ತದೆ, ಅದೂ ಬರೀ ಒಂದು ವ್ಯಾಟಿನಲ್ಲಿ! 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಸಾರ್ವಜನಿಕ ಜಾಗದ ಅಂಚಿನಲ್ಲಿ ಧ್ವನಿವರ್ಧಕದ ಸದ್ದು 75 ಡೆಸಿಬೆಲ್ ಮೀರಬಾರದು, ಅಥವಾ ಆ ಪ್ರದೇಶದ ಮಿತಿಗಿಂತ 10 ಡೆಸಿಬೆಲ್ ಹೆಚ್ಚಿರಬಾರದು, ಎರಡರಲ್ಲಿ ಯಾವುದು ಕಡಿಮೆಯೋ ಅದು. ವಸತಿ ಪ್ರದೇಶದ ಹಗಲಿನ ಮಿತಿ 55, ಹಾಗಾಗಿ ಓಣಿಯಲ್ಲಿ 65. ಸಣ್ಣ ಗುಡಿಯ ಭಜನೆಗೆ ಹಾರ್ನಿನ ಒಂದೆರಡು ವ್ಯಾಟ್ ಸಾಕು.

ಇದೇ ನಿಯಮಗಳಲ್ಲಿ ಇನ್ನೊಂದು ಮಾತಿದೆ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ವರ್ಷದಲ್ಲಿ 15 ದಿನ ಮೀರದಂತೆ ಮಧ್ಯರಾತ್ರಿ 12ರವರೆಗೆ ರಾಜ್ಯ ಸರ್ಕಾರ ಸಡಿಲಿಕೆ ಕೊಡಬಹುದು. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ 100 ಮೀಟರ್ ಜಾಗವನ್ನು ಸರ್ಕಾರ ನಿಶ್ಶಬ್ದ ವಲಯ ಎಂದು ಘೋಷಿಸಬಹುದು. ಲಿಖಿತ ಅನುಮತಿ ಇಲ್ಲದೆ ಹಾರ್ನ್ ಕಟ್ಟುವಂತೆಯೇ ಇಲ್ಲ.

● ಆಂಪ್ಲಿಫೈಯರ್ ಹಿಂದಿನ ತಿರುಪುಗಳನ್ನು ಒಮ್ಮೆ ದೀಪ ಹಿಡಿದು ನೋಡಿ. ಮೈಕ್ ಸೆಟ್ಟಿನ ಮಷಿನ್‌ನಲ್ಲಿ ಕಾಮನ್, 4 ಓಮ್, 8 ಓಮ್, 16 ಓಮ್, 70 ವೋಲ್ಟ್, 100 ವೋಲ್ಟ್ ಎಂದು ಸಾಲಾಗಿ ಇರುತ್ತವೆ. ಎರಡು 8 ಓಮ್ ಹಾರ್ನ್ ಯುನಿಟ್‌ಗಳನ್ನು ಪ್ಯಾರಲಲ್ ಕೊಟ್ಟರೆ 4 ಓಮ್, ಹಾಗಾಗಿ ತಂತಿ 4ರ ತಿರುಪಿಗೆ ಹೋಗಬೇಕು. ನಾಲ್ಕನ್ನು ಪ್ಯಾರಲಲ್ ಕೊಟ್ಟರೆ 2 ಓಮ್, ಅದಕ್ಕೆ ತಿರುಪೇ ಇಲ್ಲ. ಎರಡೆರಡನ್ನು ಸೀರೀಸ್ ಮಾಡಿ ಆ ಎರಡು ಜೋಡಿಗಳನ್ನು ಪ್ಯಾರಲಲ್ ಮಾಡಿ, ಮತ್ತೆ 8 ಓಮ್ ಆಗುತ್ತದೆ. ನಾಲ್ಕೂ ಯುನಿಟ್ ಸಮನಾಗಿ ಹಾಡುತ್ತವೆ, ಮಷಿನ್ ತಣ್ಣಗಿರುತ್ತದೆ.

● ಒಂದು 100 ವ್ಯಾಟ್ ಯುನಿಟ್, ಒಂದು 40 ವ್ಯಾಟ್ ಯುನಿಟ್, ಎರಡೂ 8 ಓಮ್, ಒಂದೇ ತಂತಿಗೆ ಪ್ಯಾರಲಲ್. ದೊಡ್ಡದು ಹೆಚ್ಚು ತಿನ್ನುತ್ತದೆ ಎಂದುಕೊಂಡರೆ ತಪ್ಪು. ಎರಡಕ್ಕೂ ಸಮಪಾಲು ಹೋಗುತ್ತದೆ, ಚಿಕ್ಕದು ಸುಡುತ್ತದೆ. ಓಮ್ ಬೇರೆಯಾದರೆ ಇನ್ನೂ ಕಷ್ಟ, ಪ್ಯಾರಲಲ್‌ನಲ್ಲಿ 4 ಓಮ್‌ನದು 8 ಓಮ್‌ನದರ ದುಪ್ಪಟ್ಟು ಎಳೆಯುತ್ತದೆ.

● ಜಾತ್ರೆಯ ಬೀದಿಯುದ್ದಕ್ಕೂ ಹಾರ್ನ್ ಕಟ್ಟುವವರು ಇದನ್ನು ನಿಧಾನವಾಗಿ ಓದಬೇಕು. 1 ಚದರ ಮಿಲಿಮೀಟರ್ ತಾಮ್ರದ ಜೋಡಿ ತಂತಿ 100 ಮೀಟರ್ ಎಳೆದರೆ ಹೋಗಿ ಬರುವ ದಾರಿಯ ರೋಧ ಸುಮಾರು 3.4 ಓಮ್. ಅದರ ತುದಿಗೆ 8 ಓಮ್ ಹಾರ್ನ್ ಕಟ್ಟಿದರೆ, ತಂತಿಯೇ ಇಲ್ಲದಿದ್ದಾಗ ಸಿಗುತ್ತಿದ್ದ ಶಕ್ತಿಯಲ್ಲಿ ಅರ್ಧ ಮಾತ್ರ ಹಾರ್ನಿಗೆ ಸಿಗುತ್ತದೆ. ದೂರದವನಿಗೆ ಕೇಳಿಸಲಿ ಎಂದು ವಾಲ್ಯೂಮ್ ಏರಿಸುತ್ತಾರೆ, ಆಗ ಮಷಿನ್ ಪಕ್ಕದ ಹಾರ್ನ್ ಹೋಗುತ್ತದೆ.

100 ವೋಲ್ಟ್ ಲೈನ್ ಇರುವುದೇ ಇದಕ್ಕಾಗಿ. ಪ್ರತಿ ಯುನಿಟ್ ಬಳಿ ಲೈನ್ ಮ್ಯಾಚಿಂಗ್ ಟ್ರಾನ್ಸ್‌ಫಾರ್ಮರ್ ಕಟ್ಟಿ 10 ವ್ಯಾಟಿನ ಟ್ಯಾಪ್ ಹಿಡಿದರೆ ಲೈನಿಗೆ ಅದು 1000 ಓಮ್ ಆಗಿ ಕಾಣುತ್ತದೆ. 3.4 ಓಮ್ ತಂತಿ ಅದರ ಮುಂದೆ ಲೆಕ್ಕಕ್ಕೇ ಇಲ್ಲ. ಓಮ್ ಕೂಡಿ ಕಳೆಯುವ ತಲೆನೋವೂ ಇಲ್ಲ, ಟ್ಯಾಪ್‌ಗಳ ವ್ಯಾಟ್ ಕೂಡಿಸಿದರೆ ಆಯಿತು. 100 ವ್ಯಾಟಿನ ಮಷಿನ್‌ಗೆ ಒಟ್ಟು 80 ವ್ಯಾಟ್ ಹಾಕಿ, ಉಳಿದದ್ದು ಮಷಿನ್‌ನ ಉಸಿರಾಟಕ್ಕೆ. ಟ್ರಾನ್ಸ್‌ಫಾರ್ಮರ್ ಇಲ್ಲದ 8 ಓಮ್ ಯುನಿಟ್ಟನ್ನು ಮರೆತು 100 ವೋಲ್ಟ್ ಲೈನಿಗೆ ತಗುಲಿಸಿದರೋ, ಯುನಿಟ್ ಅಲ್ಲೇ ಸುಡುತ್ತದೆ. ಆ ಲೈನ್ ಬರಿಗೈಗೆ ಶಾಕ್ ಕೂಡ ಹೊಡೆಯುತ್ತದೆ.

● ಸುರಪುರ, ಶಹಾಪುರದ ಬಂಡೆಗುಡ್ಡಗಳು ಸದ್ದನ್ನು ಹಿಂದಕ್ಕೆ ಕಳಿಸುತ್ತವೆ. 40 ಡಿಗ್ರಿ ಬಿಸಿಲಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 355 ಮೀಟರ್ ಓಡುತ್ತದೆ. 178 ಮೀಟರ್ ಆಚೆಗಿನ ಬಂಡೆಗೆ ಹಾರ್ನ್ ಮುಖ ಮಾಡಿದರೆ ಒಂದು ಸೆಕೆಂಡಿಗೆ ಪ್ರತಿಧ್ವನಿ ವಾಪಸು ಬಂದು ಮುಂದಿನ ಮಾತಿನ ಮೇಲೆ ಬೀಳುತ್ತದೆ. ಮಾತು ತಿಳಿಯದಾದಾಗ ವಾಲ್ಯೂಮ್ ಏರಿಸಿ ಫಲವಿಲ್ಲ, ಪ್ರತಿಧ್ವನಿಯೂ ಜೊತೆಗೇ ಏರುತ್ತದೆ. ಹಾರ್ನನ್ನು ಜನರ ತಲೆಯ ಕಡೆ ಸ್ವಲ್ಪ ಕೆಳಮುಖ ಮಾಡಿ, ಬಂಡೆಗೆ ಬೆನ್ನು ಕೊಡಿ.

● 230 ವೋಲ್ಟ್ ಬರಬೇಕಾದ ಕಡೆ ಸಂಜೆ 180 ಬಂತೆನ್ನಿ. ಹಳೆಯ ರೀತಿಯ ಟ್ರಾನ್ಸ್‌ಫಾರ್ಮರ್ ಇರುವ 100 ವ್ಯಾಟಿನ ಮಷಿನ್ ಆಗ ಸುಮಾರು 61 ವ್ಯಾಟಿನ ಮಷಿನ್. ನಾಬ್ ಮಾತ್ರ ನಿನ್ನೆ ಇದ್ದ ಜಾಗದಲ್ಲೇ ಇದೆ, ಹಾಗಾಗಿ ನಿನ್ನೆ ಒಡೆಯದ ದನಿ ಇಂದು ಒಡೆಯುತ್ತದೆ, ಟ್ವೀಟರ್ ಹೋಗುತ್ತದೆ. ‘ನಿನ್ನೆ ಇಷ್ಟೇ ಇಟ್ಟಿದ್ದೆನಲ್ಲ’ ಎಂಬ ಪ್ರಶ್ನೆಗೆ ಉತ್ತರ ಕಂಬದ ತಂತಿಯಲ್ಲಿರುತ್ತದೆ. ಜನರೇಟರ್ ಸಣ್ಣದಾದರೂ ಇದೇ ಕಥೆ. ಪೆಟ್ಟಿಗೆಯಲ್ಲಿ ಒಂದು ವೋಲ್ಟ್ ಮೀಟರ್ ಇಟ್ಟುಕೊಳ್ಳುವುದು ಹೊಸ ಡಯಾಫ್ರಮ್‌ಗಿಂತ ಅಗ್ಗ.

● ಆಂಪ್ಲಿಫೈಯರ್ ನಾಬ್ ಅರ್ಧಕ್ಕೆ ಇಟ್ಟರೆ ಅರ್ಧ ವ್ಯಾಟ್ ಹೋಗುತ್ತದೆಯೇ? ಇಲ್ಲ. ಮಿಕ್ಸರ್‌ನಿಂದ ಜೋರಾದ ಸಿಗ್ನಲ್ ಬಂದರೆ ನಾಬ್ ಅರ್ಧದಲ್ಲಿದ್ದರೂ ಮಷಿನ್ ಪೂರ್ತಿ ಶಕ್ತಿ ಮುಟ್ಟುತ್ತದೆ. ನಂಬಬೇಕಾದದ್ದು ಕೆಂಪು ದೀಪವನ್ನು. ಡೋಲಿನ ಪೆಟ್ಟಿಗೆ ಒಮ್ಮೊಮ್ಮೆ ಮಿಣುಕಿದರೆ ಚಿಂತೆಯಿಲ್ಲ, ಹತ್ತಿಯೇ ಉಳಿದರೆ ಕೂಡಲೇ ಇಳಿಸಿ. ಮಿಕ್ಸರ್‌ನಲ್ಲೇ ಒಡೆದ ದನಿ ಬಂದರೆ ಆಂಪ್ಲಿಫೈಯರ್ ದೀಪ ಹಸಿರಾಗಿಯೇ ಇರುತ್ತದೆ, ಅದಕ್ಕೇ ಮಿಕ್ಸರ್‌ನ ದೀಪವನ್ನೂ ನೋಡುತ್ತಿರಬೇಕು.

● ಲಿಮಿಟರ್ ಇರುವ ಸೆಟ್ ನಿಮ್ಮದಾದರೆ ಒಂದು ಸುಲಭ ಲೆಕ್ಕ ಇದೆ. ವ್ಯಾಟ್ ಮತ್ತು ಓಮ್ ಗುಣಿಸಿ ವರ್ಗಮೂಲ ತೆಗೆಯಿರಿ. 200 ವ್ಯಾಟ್, 8 ಓಮ್ ಆದರೆ 40 ವೋಲ್ಟ್. ಅದಕ್ಕಿಂತ ಮೇಲೆ ಹೋಗದಂತೆ ಲಿಮಿಟರ್ ಕಟ್ಟಿಹಾಕಿ.

● ಶಾಖ ಬಿಟ್ಟರೆ ಸ್ಪೀಕರ್‌ನ ಇನ್ನೊಂದು ಶತ್ರು ಅತಿಯಾದ ಕುಣಿತ. ಅದೇ ಸದ್ದಿಗೆ 80 ಹರ್ಟ್ಸ್‌ನಲ್ಲಿ ಕೋನ್ ಎಷ್ಟು ಆಡುತ್ತದೋ 40 ಹರ್ಟ್ಸ್‌ನಲ್ಲಿ ಅದರ ನಾಲ್ಕು ಪಟ್ಟು ಆಡಬೇಕು. ಗಾಳಿ ಕಿಂಡಿ ಇರುವ ಬಾಸ್ ಬಾಕ್ಸಿನಲ್ಲಿ ಒಂದು ಮಟ್ಟಕ್ಕಿಂತ ಕೆಳಗಿನ ಬಾಸ್ ಹೋದರೆ ಕೋನಿಗೆ ಒಳಗಿನ ಗಾಳಿಯ ಆಸರೆಯೇ ತಪ್ಪುತ್ತದೆ. ಕೇಳುವುದಕ್ಕೆ ಏನೂ ಸಿಗುವುದಿಲ್ಲ, ಕಾಯಿಲ್ ಮಾತ್ರ ಹಿಂದಿನ ತಗಡಿಗೆ ಬಡಿಯುತ್ತದೆ. ಲೋ ಕಟ್ 35–40 ಹರ್ಟ್ಸ್‌ಗೆ ಇಡಿ. ಹಾರ್ನ್ ಯುನಿಟ್‌ಗಂತೂ ಬಾಸ್ ಸುಳಿಯಲೇಬಾರದು, ಮಷಿನ್‌ನಲ್ಲಿ ಬಾಸ್ ನಾಬ್ ಪೂರ್ತಿ ಇಳಿಸಿ.

● ಮೈಕಿಗೆ ‘ಉಫ್’ ಎಂದು ಊದಿ ಟೆಸ್ಟ್ ಮಾಡುವ ಅಭ್ಯಾಸ ಬಿಡಬೇಕು. ಆ ಒಂದು ಊದಿಗೆ ಎಲ್ಲಕ್ಕಿಂತ ಕೆಳಗಿನ ಬಾಸ್ ಹುಟ್ಟಿ ಯುನಿಟ್ಟಿನ ಡಯಾಫ್ರಮ್ಮನ್ನು ನೂಕುತ್ತದೆ. ಮಾತಾಡಿ ನೋಡಿದರೆ ಸಾಕು.

● ಮೈಕು ‘ಕುಂಯ್’ ಎಂದು ಕೂಗುವುದಕ್ಕೆ ಡೆನ್ಮಾರ್ಕಿನ ವಿಜ್ಞಾನಿ ಸೋರೆನ್ ಲಾರ್ಸೆನ್ ಹೆಸರಿನಲ್ಲಿ ಲಾರ್ಸೆನ್ ಪರಿಣಾಮ ಎನ್ನುತ್ತಾರೆ. ಆ ಕೂಗು ನಡುವೆ ತಣಿಯಲು ಬಿಡದ ಒಂದೇ ಸ್ವರ, ಟ್ವೀಟರ್ ಸುಡಲು ಕೆಲವೇ ಕ್ಷಣ ಸಾಕು. ಹಾರ್ನಿನ ಮುಂದೆ ಮೈಕ್ ಹಿಡಿದು ನಿಂತವರನ್ನು ಮೊದಲು ಹಿಂದೆ ಸರಿಸಿ.

● ಟ್ವೀಟರ್ ಜೊತೆ ಇರುವ ಪುಟ್ಟ ಕೆಪಾಸಿಟರ್ ಅದರ ಕಾವಲುಗಾರ. 8 ಓಮ್ ಟ್ವೀಟರ್‌ಗೆ 4.7 ಮೈಕ್ರೋಫ್ಯಾರಡ್ ಹಾಕಿದರೆ ಸುಮಾರು 4200 ಹರ್ಟ್ಸ್‌ಗಿಂತ ಕೆಳಗಿನದನ್ನು ತಡೆಯುತ್ತಾ ಹೋಗುತ್ತದೆ. ‘ಇನ್ನಷ್ಟು ಸೌಂಡ್ ಬರಲಿ’ ಎಂದು 10 ಹಾಕಿದರೆ ಆ ಗೆರೆ 2000 ಹರ್ಟ್ಸ್‌ಗೆ ಇಳಿಯುತ್ತದೆ, ಟ್ವೀಟರ್ ಆಯುಷ್ಯವೂ ಇಳಿಯುತ್ತದೆ. ಪ್ಲಸ್, ಮೈನಸ್ ಗುರುತಿರುವ ಕೆಪಾಸಿಟರ್ ಇಲ್ಲಿಗೆ ಬೇಡ, ನಾನ್ ಪೋಲಾರ್ ಎಂದು ಕೇಳಿ ಕೊಳ್ಳಿ.

● ಮಷಿನ್‌ನ ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆದರೆ ಹಾಡಿನ ಬದಲು ನೇರ ಡಿಸಿ ಕರೆಂಟ್ ಸ್ಪೀಕರ್‌ಗೆ ಹೋಗುತ್ತದೆ. ಒಳಗೆ 40 ವೋಲ್ಟ್ ಇದ್ದು ಕಾಯಿಲ್ 6 ಓಮ್ ಆದರೆ 260 ವ್ಯಾಟಿಗೂ ಮೇಲೆ, ಅದೂ ಎಡೆಬಿಡದೆ. ಇಂಥ ಮಷಿನ್‌ಗೆ ಒಂದಾದ ಮೇಲೊಂದು ಹೊಸ ಸ್ಪೀಕರ್ ಕಟ್ಟಿ ಕಳೆದುಕೊಂಡವರಿದ್ದಾರೆ. ಒಂದು ಸ್ಪೀಕರ್ ಸುಟ್ಟರೆ ಎರಡನೆಯದನ್ನು ಕಟ್ಟುವ ಮುನ್ನ ಹಾಡು ಹಚ್ಚದೆ ಔಟ್‌ಪುಟ್‌ನಲ್ಲಿ ಮೀಟರ್ ಹಿಡಿದು ಡಿಸಿ ನೋಡಿ. ಸೊನ್ನೆಯ ಹತ್ತಿರ ಇರಬೇಕು.

● ಆನ್ ಮಾಡುವಾಗ ಮಿಕ್ಸರ್ ಮೊದಲು, ಆಂಪ್ಲಿಫೈಯರ್ ಕೊನೆಗೆ. ಆಫ್ ಮಾಡುವಾಗ ಆಂಪ್ಲಿಫೈಯರ್ ಮೊದಲು. ‘ಧಡ್’ ಎಂಬ ಪೆಟ್ಟು ತಪ್ಪುತ್ತದೆ. ಹಾಡಿನ ನಡುವೆ ಕರೆಂಟ್ ಹೋದರೆ ವಾಪಸು ಬರುವ ಮುನ್ನ ಮಷಿನ್‌ನ ಸ್ವಿಚ್ ಆಫ್ ಮಾಡಿಬಿಡಿ.

● ಬಿಸಿಲಲ್ಲಿ ಟ್ರ್ಯಾಕ್ಟರ್ ಟ್ರಾಲಿಯ ಮೇಲಿನ ಮಷಿನ್‌ಗೆ ನೆರಳು ಕಟ್ಟಿ, ಆದರೆ ಟಾರ್ಪಾಲಿನ್ ಹೊದಿಸಬೇಡಿ. ಫ್ಯಾನಿನ ಕಿಂಡಿಯಲ್ಲಿ ಎರೆಮಣ್ಣಿನ ಧೂಳು, ಹತ್ತಿಯ ನಾರು ಕೂತರೆ ಒಳಗಿನ ಬಿಸಿ ಒಳಗೇ ಉಳಿಯುತ್ತದೆ. ಸೀಸನ್‌ಗೆ ಮುನ್ನ ಬ್ಲೋವರ್ ಹಿಡಿಸಿ.

● ದೂರದವರಿಗೆ ಕೇಳುವಂತೆ ಮಾತನ್ನು ದೊಡ್ಡದು ಮಾಡಿ ಸಾವಿರಾರು ಜನರಿಗೆ ಮುಟ್ಟಿಸಿದ್ದು 1915ರಲ್ಲಿ, ಅಮೆರಿಕದಲ್ಲಿ. ಪೀಟರ್ ಜೆನ್ಸನ್, ಎಡ್ವಿನ್ ಪ್ರಿಡ್‌ಹ್ಯಾಮ್ ಎಂಬ ಇಬ್ಬರು ಎಂಜಿನಿಯರ್‌ಗಳು ಆ ವರ್ಷದ ಕ್ರಿಸ್‌ಮಸ್ ಹಿಂದಿನ ದಿನ ಸ್ಯಾನ್ ಫ್ರಾನ್ಸಿಸ್ಕೊದ ಜನಜಂಗುಳಿಗೆ ಇದನ್ನು ತೋರಿಸಿದರು. ಅವರು ಬಳಸಿದ್ದೂ ಹಾರ್ನನ್ನೇ. ಇಂದಿನ ಕೋನ್ ಸ್ಪೀಕರ್‌ನ ರೂಪ ಬಂದದ್ದು 1925ರಲ್ಲಿ, ರೈಸ್ ಮತ್ತು ಕೆಲ್ಲಾಗ್ ಎಂಬ ಎಂಜಿನಿಯರ್‌ಗಳಿಂದ.

● ಸ್ಪೀಕರ್ ಜೊತೆ ಆಪರೇಟರ್‌ನ ಕಿವಿಯೂ ಸುಡುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ತಾಸು ತಡೆಯಬಹುದು, ಪ್ರತಿ 3 ಡೆಸಿಬೆಲ್‌ಗೆ ಆ ಅವಧಿ ಅರ್ಧವಾಗುತ್ತದೆ. 100 ಡೆಸಿಬೆಲ್‌ಗೆ ಸಿಗುವುದು 15 ನಿಮಿಷ. ಬಾಕ್ಸಿನ ಮುಂದೆ ರಾತ್ರಿಯಿಡೀ ನಿಲ್ಲುವ ಹುಡುಗನ ಕಿವಿಗೆ ಇಯರ್ ಪ್ಲಗ್ ಕೊಡಿಸುವುದು ಸೆಟ್ಟಿನ ಯಜಮಾನನ ಕೆಲಸ. ಕಾಯಿಲ್ ಸುತ್ತಿಸಬಹುದು, ಕಿವಿಯ ನರಕ್ಕೆ ಆ ಅನುಕೂಲವಿಲ್ಲ.

● ಸುಟ್ಟ ಸ್ಪೀಕರನ್ನು ಪತ್ತೆ ಮಾಡುವುದು ಹೀಗೆ. ಎರಡೂ ಕೈಯ ಬೆರಳುಗಳನ್ನು ಕೋನಿನ ಆಚೀಚೆ ಇಟ್ಟು ಸಮನಾಗಿ, ಮೆಲ್ಲಗೆ ಒತ್ತಿ ಬಿಡಿ. ಒಳಗೆ ‘ಸರಸರ’ ಉಜ್ಜಿದಂತೆ ಆದರೆ ಕಾಯಿಲ್ ಉಬ್ಬಿದೆ. ಮೂಗಿಗೆ ಸುಟ್ಟ ವಾರ್ನಿಶ್ ವಾಸನೆಯೂ ಬರುತ್ತದೆ. ಅದು ಇನ್ನೂ ಹಾಡುತ್ತಿದ್ದರೂ ಬಿಚ್ಚಿಡಿ. ಕಾಯಿಲ್ ಶಾರ್ಟ್ ಆಗಿದ್ದರೆ ಮಷಿನ್ನನ್ನೂ ತನ್ನ ಜೊತೆ ಒಯ್ಯುತ್ತದೆ.

● ಕಾಯಿಲ್ ಸುತ್ತಿಸಿ ತಂದ ಮೇಲೆ ಕಟ್ಟುವ ಮುನ್ನ ಮಲ್ಟಿಮೀಟರ್ ಹಿಡಿಯಿರಿ. 8 ಓಮ್ ಸ್ಪೀಕರ್ ಮೀಟರ್‌ನಲ್ಲಿ ಸುಮಾರು 6 ತೋರಿಸುತ್ತದೆ, ಅದು ಸರಿ. 3ರ ಆಸುಪಾಸು ತೋರಿಸಿದರೆ ಒಳಗೆ ಕೂತಿರುವುದು 4 ಓಮ್ ಕಾಯಿಲ್. ಅಂಗಡಿಗೆ ವಾಪಸು ಒಯ್ದು ಬದಲಿಸಿ ಕೊಡಿ ಎನ್ನಿ. ಸರಿಯಾದ ಕಾಯಿಲ್ ಬಂದ ಮೇಲೆ 1.5 ವೋಲ್ಟಿನ ಸೆಲ್ ಒಂದನ್ನು ಪ್ಲಸ್‌ಗೆ ಪ್ಲಸ್ ಹಿಡಿದು ಕ್ಷಣ ಮುಟ್ಟಿಸಿ. ಕೋನ್ ಮುಂದೆ ಬರಬೇಕು. ಹಿಂದೆ ಹೋದರೆ ತಂತಿ ಉಲ್ಟಾ ಇದೆ, ಪಕ್ಕದ ಬಾಕ್ಸಿನ ಬಾಸನ್ನು ಇದು ಕೊಂದುಹಾಕುತ್ತದೆ. ತಂತಿ ಅದಲುಬದಲು ಮಾಡಿ ಕಟ್ಟಿ.